ಪೋರ್ನ್ ಬಿಡಿಸುವ ಆ್ಯಪ್‌ಗಳು: ಯಾವುದಕ್ಕೆ ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಪೋರ್ನ್ ನೋಡುವುದು ಸರಿಯೋ ತಪ್ಪೋ ಅನ್ನುವ ಚರ್ಚೆ ಇಲ್ಲಿಲ್ಲ. ಬಿಡಬೇಕು ಅಂತ ತಾವೇ ತೀರ್ಮಾನ ಮಾಡಿ, ಬಿಡೋಕೆ ಆಗದೆ, ಕೊನೆಗೆ ಪ್ಲೇ ಸ್ಟೋರ್‌ನಲ್ಲಿ ಹುಡುಕುತ್ತಾ ಕೂತಿರುವ ಹುಡುಗರಿಗೆ ಈ ವಿಮರ್ಶೆ. ಎರಡು ವರ್ಷಕ್ಕೂ ಜಾಸ್ತಿ ಕಾಲ ಇಂಥ ಆ್ಯಪ್‌ಗಳನ್ನು ಒಂದಾದ ಮೇಲೊಂದು ಬಳಸಿದ್ದೇನೆ. ಕೆಲವಕ್ಕೆ ದುಡ್ಡೂ ಕಟ್ಟಿದ್ದೇನೆ. ಹೆಸರು ಹಾಕುತ್ತಿಲ್ಲ, ಯಾಕೆಂದರೆ ಒಳಗಿರುವ ಸಾಮಾನು ಹೆಚ್ಚುಕಮ್ಮಿ ಒಂದೇ. ಸೈಟ್ ತಡೆಯುವ ಬ್ಲಾಕರ್, ದಿನ ಎಣಿಸುವ ಕೌಂಟರ್, ಇನ್ನೊಬ್ಬರಿಗೆ ವರದಿ ಕಳಿಸುವ ವ್ಯವಸ್ಥೆ, ಮನಸ್ಸು ಎಳೆದಾಗ ಒತ್ತುವ ಪ್ಯಾನಿಕ್ ಬಟನ್. ಮೇಲಿನ ಬಣ್ಣ ಮಾತ್ರ ಬೇರೆ.

ನನ್ನ ಅಭಿಪ್ರಾಯ ಇಷ್ಟು. ಬ್ಲಾಕರ್ ಕೆಲಸಕ್ಕೆ ಬರುತ್ತದೆ, ಆದರೆ ಅದು ಪುಕ್ಕಟೆಯಾಗಿಯೇ ಸಿಗುತ್ತದೆ. ಆ್ಯಪ್‌ನವರು ಎಲ್ಲಕ್ಕಿಂತ ದೊಡ್ಡದಾಗಿ ತೋರಿಸುವ ಕೌಂಟರ್ ಇದೆಯಲ್ಲ, ನನಗೆ ಎಲ್ಲಕ್ಕಿಂತ ಜಾಸ್ತಿ ತೊಂದರೆ ಕೊಟ್ಟಿದ್ದು ಅದೇ.

ಮೊದಲು ಬ್ಲಾಕರ್. ಆಂಡ್ರಾಯ್ಡ್‌ನಲ್ಲಿ ಹಾಕಿದ ಕೂಡಲೇ ವಿಪಿಎನ್ (ಫೋನಿನ ಇಂಟರ್ನೆಟ್ ಓಡಾಟವೆಲ್ಲ ಆ್ಯಪ್ ಮೂಲಕವೇ ಹಾಯುವ ದಾರಿ), ಆ್ಯಕ್ಸೆಸಿಬಿಲಿಟಿ, ಡಿವೈಸ್ ಅಡ್ಮಿನ್ ಅಂತ ಒಂದೊಂದೇ ಅನುಮತಿ ಕೇಳುತ್ತದೆ. ಡಿವೈಸ್ ಅಡ್ಮಿನ್ ಯಾಕೆಂದರೆ ರಾತ್ರಿ ಹೊತ್ತು ನೀವು ಆ್ಯಪನ್ನೇ ಕಿತ್ತುಹಾಕಬಾರದು ಅಂತ. ಅದು ಸರಿ. ಆ್ಯಕ್ಸೆಸಿಬಿಲಿಟಿ ಕೊಡುವ ಮುಂಚೆ ಮಾತ್ರ ಸ್ವಲ್ಪ ಯೋಚಿಸಿ. ಕಣ್ಣು ಕಾಣದವರಿಗೆ ಸ್ಕ್ರೀನ್ ಓದಿ ಹೇಳುವಂಥ ಸೌಲಭ್ಯಕ್ಕಾಗಿ ಮಾಡಿದ ಅನುಮತಿ ಅದು. ಕೊಟ್ಟರೆ ವಾಟ್ಸಾಪ್ ಮೆಸೇಜಿನಿಂದ ಹಿಡಿದು ನೀವು ಟೈಪ್ ಮಾಡುವ ಅಕ್ಷರದ ತನಕ ಆ್ಯಪ್ ಓದಬಹುದು. 2022ರಲ್ಲಿ ಗೂಗಲ್ ಈ ಅನುಮತಿಯ ದುರ್ಬಳಕೆ ಅಂತಲೇ ವರದಿ ಕಳಿಸುವ ಥರದ ಒಂದೆರಡು ಆ್ಯಪ್‌ಗಳನ್ನು ಪ್ಲೇ ಸ್ಟೋರ್‌ನಿಂದ ತೆಗೆದಿತ್ತು. ನಮ್ಮ ಬದುಕಿನ ಅತಿ ಗುಟ್ಟಿನ ವಿಷಯಕ್ಕೆ ಯಾರೋ ಗೊತ್ತಿಲ್ಲದ ಕಂಪನಿಯನ್ನು ಕಾವಲಿಗೆ ಕೂರಿಸುತ್ತಿದ್ದೇವೆ, ಅದು ನೆನಪಿರಲಿ.

ದಿನನಿತ್ಯದ ಕಿರಿಕಿರಿಯೂ ಇದೆ. ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ವಿಪಿಎನ್ ಓಡುತ್ತದೆ. ಆಫೀಸಿನದು ಆನ್ ಮಾಡಿದರೆ ಬ್ಲಾಕರ್ ಸುಮ್ಮನೆ ಮಲಗುತ್ತದೆ. ಬ್ಯಾಂಕಿನ ಆ್ಯಪ್ ತೆರೆದರೆ 'ನಿಮ್ಮ ಫೋನಿನಲ್ಲಿ ಅಪಾಯಕಾರಿ ಸೇವೆ ಚಾಲೂ ಇದೆ' ಅಂತ ಬಾಗಿಲು ಹಾಕಿಕೊಳ್ಳುತ್ತದೆ. ಅಂಗಡಿಯಲ್ಲಿ ನಿಂತು ಕ್ಯೂಆರ್ ಸ್ಕ್ಯಾನ್ ಮಾಡುವಾಗ ಆ್ಯಕ್ಸೆಸಿಬಿಲಿಟಿ ಆಫ್ ಮಾಡಿದರೆ, ಮತ್ತೆ ಆನ್ ಮಾಡೋದು ಯಾರಿಗೆ ನೆನಪಿರುತ್ತದೆ ಹೇಳಿ. ಕಡಿಮೆ ಬೆಲೆಯ ಫೋನುಗಳಲ್ಲಿ ಇನ್ನೊಂದು ಕಥೆ. ಬ್ಯಾಟರಿ ಉಳಿಸೋಕೆ ಅಂತ ಫೋನೇ ಹಿಂದಿನಿಂದ ಬ್ಲಾಕರನ್ನು ನಿಲ್ಲಿಸುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ಆಟೋಸ್ಟಾರ್ಟ್ ಕೊಟ್ಟು, ಬ್ಯಾಟರಿ ನಿರ್ಬಂಧ ತೆಗೆಯದೇ ಇದ್ದರೆ ದುಡ್ಡು ಕೊಟ್ಟೂ ಪ್ರಯೋಜನವಿಲ್ಲ.

ಇನ್ನು ಪದ ನೋಡಿ ತಡೆಯುವ ಫಿಲ್ಟರ್. ಚೇತೇಶ್ವರ್ ಪೂಜಾರ 2022ರಿಂದ ಇಂಗ್ಲೆಂಡಿನ ಸಸೆಕ್ಸ್ ಕೌಂಟಿಗೆ ಆಡುತ್ತಿದ್ದರಲ್ಲ, ನಾನು ಸ್ಕೋರ್ ನೋಡೋಕೆ ಹೋದಾಗೆಲ್ಲ ಪುಟ ತೆರೆಯುತ್ತಿರಲಿಲ್ಲ. ಇಂಗ್ಲಿಷ್‌ನಲ್ಲಿ ಬರೆದ ಸಸೆಕ್ಸ್‌ನ ಕೊನೆಯ ಮೂರಕ್ಷರ ಸಾಕಾಗಿತ್ತು. ಮಾರನೇ ದಿನ ಪಿಜಿಯಲ್ಲಿ ರೂಮ್‌ಮೇಟ್ ಫೋನ್ ಹಿಡಿದು ನಿಂತಿದ್ದ. ವರದಿ ಹೋಗುತ್ತಿದ್ದದ್ದು ಅವನಿಗೇ.

"ಏನ್ ಮಗಾ, ರಾತ್ರಿ ಹತ್ತೂವರೆಗೆ ಅಡಲ್ಟ್ ಸೈಟ್ ಅಂತ ಮೇಲ್ ಬಂದಿದೆ?"

"ಪೂಜಾರ ಕಣೋ."

"ಪೂಜಾರನಾ?"

ಆಮೇಲೆ ಒಂದು ವಾರ ಅವನು ನನ್ನನ್ನು ಪೂಜಾರ ಅಂತಲೇ ಕರೆದ. ಅದೇ ಫಿಲ್ಟರ್‌ಗೆ ಕನ್ನಡ ಲಿಪಿಯಲ್ಲಿ ಏನೇ ಟೈಪ್ ಮಾಡಿದರೂ ಅರ್ಥವೇ ಆಗುತ್ತಿರಲಿಲ್ಲ. ಸಲೀಸಾಗಿ ಬಿಟ್ಟುಬಿಡುತ್ತಿತ್ತು. ಇನ್‌ಸ್ಟಾಗ್ರಾಂ ರೀಲ್ಸ್, ಟೆಲಿಗ್ರಾಂ ಗುಂಪುಗಳ ಒಳಗೆ ಬರುವುದೂ ಅದಕ್ಕೆ ಕಾಣದು. ನನ್ನ ಮಟ್ಟಿಗೆ ದಾರಿ ಶುರುವಾಗುತ್ತಿದ್ದದ್ದು ರೀಲ್ಸ್‌ನಿಂದಲೇ. ಹೀಗಾಗಿ ಆ ಆ್ಯಪ್‌ಗೆ ಸಮಯದ ಮಿತಿ ಹಾಕಿದ್ದು ಬ್ಲಾಕರ್‌ಗಿಂತ ಜಾಸ್ತಿ ಉಪಯೋಗವಾಯಿತು.

ಇಷ್ಟೆಲ್ಲಾ ಬೈದರೂ ಬ್ಲಾಕರ್ ಬೇಡ ಅನ್ನುವುದಿಲ್ಲ. ಅದು ಯಾರನ್ನೂ ಪೂರ್ತಿ ತಡೆಯುವುದಿಲ್ಲ, ನಿಧಾನ ಮಾಡುತ್ತದೆ. ಕೈ ತಾನಾಗಿಯೇ ಬ್ರೌಸರ್ ತೆರೆದಾಗ 'ಈ ಪುಟ ತೆರೆಯುವುದಿಲ್ಲ' ಅಂತ ಬಂದರೆ, 'ಅರೆ, ಏನು ಮಾಡ್ತಿದ್ದೀನಿ' ಅನಿಸೋಕೆ ಒಂದು ಕ್ಷಣ ಸಿಗುತ್ತದೆ. ಎಷ್ಟೋ ಸಲ ಅಷ್ಟೇ ಸಾಕಾಗಿತ್ತು.

ಆ ಒಂದು ಕ್ಷಣಕ್ಕೆ ಚಂದಾ ಕಟ್ಟಬೇಕಾಗಿಲ್ಲ. ಆಂಡ್ರಾಯ್ಡ್ 9ರಿಂದ ಈಚಿನ ಫೋನುಗಳಲ್ಲಿ ಪ್ರೈವೇಟ್ ಡಿಎನ್‌ಎಸ್ ಅಂತ ಒಂದು ಸೆಟ್ಟಿಂಗ್ ಇದೆ. ಡಿಎನ್‌ಎಸ್ ಅಂದರೆ ಸೈಟಿನ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ. ಅಲ್ಲಿ ಕ್ಲೌಡ್‌ಫ್ಲೇರ್ ಅನ್ನುವ ಕಂಪನಿಯವರ ಫ್ಯಾಮಿಲಿ ಡಿಎನ್‌ಎಸ್ ವಿಳಾಸ ಹಾಕಿದರೆ ವಯಸ್ಕರ ಸೈಟುಗಳು ತೆರೆಯುವುದಿಲ್ಲ. 2020ರಿಂದ ಉಚಿತವಾಗಿ ಕೊಡುತ್ತಿದ್ದಾರೆ. ಮನೆಯ ವೈಫೈ ರೂಟರ್‌ನಲ್ಲಿ 1.1.1.3 ಅಂತ ಹಾಕಿದರೆ ಮನೆಗೆಲ್ಲ ಆಯಿತು. ಇದಕ್ಕೆ ನಿಮ್ಮ ಸ್ಕ್ರೀನ್ ಓದುವ ಅನುಮತಿ ಬೇಡ. ಐಫೋನ್ ಇದ್ದವರಿಗೆ ಸ್ಕ್ರೀನ್ ಟೈಮ್‌ನಲ್ಲೇ ಈ ಸೌಲಭ್ಯ ಇದೆ, ಪಾಸ್‌ಕೋಡನ್ನು ಗೆಳೆಯನ ಕೈಲಿ ಹಾಕಿಸಿ. ಡಿಎನ್‌ಎಸ್ ಬದಲಾಯಿಸುವುದು ಸುಲಭ, ಹೌದು. ಕೆಲವು ಬ್ರೌಸರ್‌ಗಳು ತಮ್ಮದೇ ಡಿಎನ್‌ಎಸ್ ಬಳಸಿ ತಪ್ಪಿಸಿಕೊಳ್ಳುತ್ತವೆ, ಅದೂ ಹೌದು. ದುಡ್ಡು ಕೊಟ್ಟ ಬ್ಲಾಕರನ್ನೂ ನಾನು ದಾಟಿದ್ದೇನೆ, ಹಾಗಾಗಿ ಆ ಲೆಕ್ಕದಲ್ಲಿ ಎರಡೂ ಒಂದೇ.

ಈಗ ಕೌಂಟರ್. ತೆರೆದ ಕೂಡಲೇ ದೊಡ್ಡ ಅಂಕಿ, ಪಕ್ಕದಲ್ಲಿ ಬೆಂಕಿಯ ಚಿತ್ರ, ಕೆಳಗೆ ಬ್ಯಾಡ್ಜ್. ಮೊದಲ ಕೆಲವು ವಾರ ಖುಷಿಯೋ ಖುಷಿ. ಆಮೇಲೆ ಒಂದು ರಾತ್ರಿ ಜಾರಿದರೆ 'ರೀಸೆಟ್' ಅನ್ನುವ ಕೆಂಪು ಗುಂಡಿ ಒತ್ತಬೇಕು. ಅಂಕಿ ಸೊನ್ನೆಗೆ ಬರುತ್ತದೆ. ಹೇಗೂ ಹೋಯ್ತಲ್ಲ, ಇವತ್ತೊಂದಿನ ನೋಡೇಬಿಡೋಣ, ನಾಳೆಯಿಂದ ಹೊಸ ಲೆಕ್ಕ ಅನಿಸುತ್ತದೆ. ಹತ್ತು ನಿಮಿಷದಲ್ಲಿ ಮುಗಿಯಬೇಕಾದ್ದು ಬೆಳಗಿನ ಜಾವದ ತನಕ ಎಳೆಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಇದನ್ನು 1980ರ ದಶಕದಲ್ಲೇ ಕುಡಿತ ಬಿಡುವವರ ವಿಷಯದಲ್ಲಿ ವಿವರಿಸಿದ್ದರು. ಒಂದು ಗುಟುಕು ಕುಡಿದಿದ್ದಕ್ಕಿಂತ, 'ನನ್ನ ಕೈಲಿ ಆಗಲ್ಲ, ಎಲ್ಲಾ ಮುಗಿತು' ಅನ್ನುವ ಯೋಚನೆಯೇ ಇಡೀ ಬಾಟಲಿಯ ಕಡೆ ತಳ್ಳುತ್ತದೆ ಅಂತ. ಆ್ಯಪ್ ಮಾಡುವವರು ಅದೇ ಯೋಚನೆಗೆ ಒಂದು ಗುಂಡಿ ಮಾಡಿಟ್ಟಿದ್ದಾರೆ.

ತಿಂಗಳಿಡೀ ಒಂದೇ ಸಲ ಜಾರಿದವನಿಗೂ ದಿನಾ ನೋಡುವವನಿಗೂ ಅಲ್ಲಿ ಕಾಣುವುದು ಒಂದೇ ಸೊನ್ನೆ. ಇದು ಯಾವ ಸೀಮೆ ಲೆಕ್ಕ? ತಿಂಗಳಲ್ಲಿ ಎಷ್ಟು ದಿನ ನೋಡಲಿಲ್ಲ ಅಂತ ತೋರಿಸುವ ಆ್ಯಪ್ ಸಿಕ್ಕರೆ ಅದನ್ನೇ ಆರಿಸಿ. ಇಲ್ಲದಿದ್ದರೆ ಕೌಂಟರನ್ನು ಮುಟ್ಟಲೇಬೇಡಿ.

ಪ್ರೀಮಿಯಂ ಪುಟದಲ್ಲಿ ಬರುವ ಭರವಸೆಗಳನ್ನು ಓದಿದರೆ ಬಸ್‌ಸ್ಟ್ಯಾಂಡ್ ಗೋಡೆಯ ಗುಪ್ತರೋಗದ ಜಾಹೀರಾತು ನೆನಪಾಗುತ್ತದೆ. ಏಳನೇ ದಿನ ಟೆಸ್ಟೊಸ್ಟಿರಾನ್ ಏರುತ್ತದಂತೆ, ತೊಂಬತ್ತನೇ ದಿನ ಮೆದುಳು ಹೊಸದಾಗುತ್ತದಂತೆ. ಏಳನೇ ದಿನದ ಮಾತು 2003ರಲ್ಲಿ ಚೀನಾದಲ್ಲಿ 28 ಗಂಡಸರ ಮೇಲೆ ಮಾಡಿದ ಒಂದು ಸಣ್ಣ ಅಧ್ಯಯನದಿಂದ ಬಂದದ್ದು. ಅದರಲ್ಲೂ ಏಳನೇ ದಿನ ಏರಿದ್ದು ಆಮೇಲೆ ಹಾಗೇ ಏರುತ್ತಾ ಹೋಗಲಿಲ್ಲ. ಮೇಲಾಗಿ ಅಲ್ಲಿ ನೋಡಿದ್ದು ವೀರ್ಯ ಸ್ಖಲನದ ವಿಷಯ, ಪೋರ್ನಿನದಲ್ಲ. ಬಹಳ ಆ್ಯಪ್‌ಗಳು ಪೋರ್ನ್, ಹಸ್ತಮೈಥುನ ಎರಡನ್ನೂ ಒಂದೇ ಗಂಟಿಗೆ ಕಟ್ಟುತ್ತವೆ. ಧಾತು ಹೋಗಿ ಶಕ್ತಿ ಹೋಯಿತು ಅನ್ನುವ ಭಯ ನಮ್ಮ ಕಡೆ ಮೊದಲೇ ಇದೆ. ಡಾಕ್ಟರ್ ಎನ್. ಎನ್. ವಿಗ್ 1960ರಲ್ಲೇ ಅದಕ್ಕೆ 'ಧಾತು ಸಿಂಡ್ರೋಮ್' ಅಂತ ಹೆಸರಿಟ್ಟಿದ್ದರು. ಆ ಹಳೇ ಭಯವನ್ನೇ ಹೊಸ ಗ್ರಾಫಿನಲ್ಲಿ ಮಾರುತ್ತಿದ್ದಾರೆ ಅನಿಸುತ್ತದೆ ನನಗೆ.

ಪ್ಯಾನಿಕ್ ಬಟನ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಒತ್ತಿದರೆ ಅಮೆರಿಕನ್ ದನಿಯೊಂದು ಉಸಿರು ಎಳಿ, ಬಿಡು ಅನ್ನುತ್ತದೆ. ಕನ್ನಡ ಎಲ್ಲೂ ಇಲ್ಲ. ಒಂದು ವಿಷಯ ಮಾತ್ರ ಒಳ್ಳೆಯದು. ಆ ಎಳೆತದ ಜೊತೆ ಗುದ್ದಾಡದೆ, ಅದು ಏರಿ ಇಳಿಯುವ ತನಕ ಗಮನಿಸುತ್ತಾ ಇರು ಅನ್ನುತ್ತದೆ. ಇದೂ ಮಾರ್ಲಟ್ ಕಲಿಸಿದ್ದೇ. ಒಮ್ಮೆ ಕಲಿತರೆ ಆ್ಯಪ್ ಬೇಕಾಗಿಲ್ಲ. ಹಾಂ, ಹಾಕಿದ ದಿನವೇ ನೋಟಿಫಿಕೇಶನ್ ಆಫ್ ಮಾಡಿ. ಊರಲ್ಲಿ ಅತ್ತಿಗೆಗೆ ಮದುವೆ ಫೋಟೋ ತೋರಿಸುತ್ತಿದ್ದಾಗ ಮೇಲಿನಿಂದ 'ಇವತ್ತೂ ಕ್ಲೀನ್ ಇದ್ದೀಯಾ?' ಅಂತ ಇಳಿದು ಬಂತು. "ಏನಪ್ಪಾ ಕ್ಲೀನು?" ಅಂದರು. ಫೋನ್ ಕ್ಲೀನ್ ಮಾಡೋ ಆ್ಯಪ್ ಅತ್ತಿಗೆ ಅಂದೆ.

ದುಡ್ಡು ಕೊಟ್ಟಿದ್ದಕ್ಕೆ ನಿಜವಾಗಿ ಉಪಯೋಗ ಆಗಿದ್ದು ಒಂದು ಆ್ಯಪ್‌ನ ಮೂಲೆಯಲ್ಲಿದ್ದ ಡೈರಿ. ಜಾರಿದಾಗ ಎಷ್ಟು ಗಂಟೆ, ಎಲ್ಲಿದ್ದೆ, ಅದಕ್ಕೆ ಮುಂಚೆ ಏನು ಮಾಡುತ್ತಿದ್ದೆ ಅಂತ ಕೇಳುತ್ತಿತ್ತು. ಮೊದಮೊದಲು ಬೇಜಾರಿನಲ್ಲೇ ತುಂಬುತ್ತಿದ್ದೆ. ಕೆಲವು ತಿಂಗಳಾದ ಮೇಲೆ ಓದಿದರೆ ಅದೇ ಸಾಲುಗಳು. ಸೆಕೆಂಡ್ ಶಿಫ್ಟ್ ಮುಗಿಸಿ ಬಂದ ರಾತ್ರಿ, ಊಟ ಸರಿಯಾಗಿ ಆಗಿಲ್ಲ, ರೂಮ್‌ಮೇಟ್ ಊರಿಗೆ ಹೋಗಿದ್ದಾನೆ, ಫೋನ್ ಹಾಸಿಗೆಯಲ್ಲಿದೆ. ಆಸೆ ಅನ್ನುವ ಪದಕ್ಕಿಂತ ಸುಸ್ತು, ಒಂಟಿ ಅನ್ನುವುದೇ ಜಾಸ್ತಿ ಇತ್ತು. ಆಮೇಲೆ ಚಾರ್ಜರನ್ನು ಬಾಗಿಲ ಹತ್ತಿರದ ಚಪ್ಪಲಿ ಸ್ಟ್ಯಾಂಡ್ ಮೇಲೆ ಇಟ್ಟೆ, ಅಲಾರಂಗೆ ಬೇರೆ ಗಡಿಯಾರ ತಂದೆ. ಎಲ್ಲಾ ಆ್ಯಪ್ ಸೇರಿ ಮಾಡದ ಕೆಲಸ ಆ ಗಡಿಯಾರ ಮಾಡಿತು. ಈ ಡೈರಿಯನ್ನು ಫೋನಿನ ನೋಟ್ಸ್‌ನಲ್ಲೂ ಬರೆಯಬಹುದು.

ಅದನ್ನು ಹಿಡಿದುಕೊಂಡೇ ಒಬ್ಬ ಕೌನ್ಸೆಲರ್ ಹತ್ತಿರ ಹೋದೆ. ಎಷ್ಟು ದಿನ ಆಯಿತು ಅಂತ ಅವರು ಕೇಳಲೇ ಇಲ್ಲ. ನಿದ್ದೆ ಹೇಗಿದೆ, ಕೆಲಸ ಹೇಗಿದೆ, ಯಾರ ಜೊತೆ ಮಾತಾಡ್ತೀಯ ಅಂತ ಕೇಳಿದರು. ಅಲ್ಲೇ ಗೊತ್ತಾಗಿದ್ದು, ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ಜಾರಿಗೆ ಬಂದ ತನ್ನ ರೋಗಪಟ್ಟಿಯಲ್ಲಿ ಹಿಡಿತ ತಪ್ಪಿದ ಲೈಂಗಿಕ ನಡವಳಿಕೆಯನ್ನು ಒಂದು ಸಮಸ್ಯೆ ಅಂತ ಸೇರಿಸಿದೆ. ಆದರೆ ವ್ಯಸನಗಳ ಗುಂಪಿನಲ್ಲಿ ಅಲ್ಲ, ತುಡಿತ ಹಿಡಿತಕ್ಕೆ ಬಾರದ ಕಾಯಿಲೆಗಳ ಗುಂಪಿನಲ್ಲಿ. ಆರು ತಿಂಗಳೋ ಅದಕ್ಕಿಂತ ಹೆಚ್ಚೋ ಕೈಮೀರಿ ನಡೆದು, ಕೆಲಸ, ಆರೋಗ್ಯ, ಸಂಬಂಧ ಕೆಡುತ್ತಿದ್ದರೆ ಅದು ಸಮಸ್ಯೆ. ಬರೀ 'ಇದು ಪಾಪ' ಅನ್ನುವ ಸಂಕಟ ಇದ್ದರೆ ಅಷ್ಟರಿಂದಲೇ ಕಾಯಿಲೆ ಅನ್ನುವಂತಿಲ್ಲ ಅಂತಲೂ ಅದರಲ್ಲಿ ಬರೆದಿದೆ. ಆ್ಯಪ್‌ಗಳ ಆರಂಭದ ಪ್ರಶ್ನಾವಳಿ ಈ ವ್ಯತ್ಯಾಸ ನೋಡುವುದೇ ಇಲ್ಲ. ಏನು ಉತ್ತರ ಕೊಟ್ಟರೂ 'ತೀವ್ರ ವ್ಯಸನ' ಅಂತ ಬಂದು, ಮುಂದಿನ ಪುಟದಲ್ಲಿ ದುಡ್ಡು ಕೇಳುತ್ತದೆ. ಬೇಕಂತಲೇ ಉಲ್ಟಾ ಉತ್ತರ ಕೊಟ್ಟು ನೋಡಿದ್ದೇನೆ.

ಕನ್ನಡದಲ್ಲೇ ಮಾತಾಡಬೇಕು ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಉಚಿತ, ಹಗಲು ರಾತ್ರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್ನೆಟ್ ಅತಿಬಳಕೆಗೆ ಅಂತಲೇ 2014ರಿಂದ ಶಟ್ ಕ್ಲಿನಿಕ್ ಇದೆ. ಬದುಕು ನಿಜವಾಗಿ ಹಳಿ ತಪ್ಪುತ್ತಿದ್ದರೆ ಪ್ಲೇ ಸ್ಟೋರ್‌ಗಿಂತ ಮುಂಚೆ ಅಲ್ಲಿಗೆ ಹೋಗಿ.

ಈಗ ನನ್ನ ಫೋನಿನಲ್ಲಿ ಉಳಿದಿರುವುದು ಡಿಎನ್‌ಎಸ್, ರೀಲ್ಸ್‌ಗೆ ಸಮಯದ ಮಿತಿ, ನೋಟ್ಸ್‌ನಲ್ಲೊಂದು ಪುಟ. ರೇಟಿಂಗ್ ಕೇಳಿದರೆ ಬ್ಲಾಕರ್‌ಗೆ ಐದಕ್ಕೆ ಮೂರು, ಡೈರಿಗೆ ನಾಲ್ಕು, ಕೌಂಟರ್‌ಗೆ ಒಂದು. ರೂಮ್‌ಮೇಟ್‌ಗೆ ಹೋಗುತ್ತಿದ್ದ ವರದಿಗೆ ಎರಡು, ಆದರೆ ರೂಮ್‌ಮೇಟ್‌ಗೆ ಐದು.

ಚಂದಾ ನಿಲ್ಲಿಸುವವರಿಗೆ ಒಂದು ಮಾತು. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರೆ ದುಡ್ಡು ಕಟ್ ಆಗೋದು ನಿಲ್ಲುವುದಿಲ್ಲ. ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಚಿತ್ರ ಒತ್ತಿ, ಪೇಮೆಂಟ್ಸ್ ಮತ್ತು ಸಬ್‌ಸ್ಕ್ರಿಪ್ಶನ್ಸ್‌ಗೆ ಹೋಗಿ ಅಲ್ಲಿಂದಲೇ ಕ್ಯಾನ್ಸಲ್ ಮಾಡಿ. ಯುಪಿಐ ಆಟೋಪೇ ಕೊಟ್ಟಿದ್ದರೆ ಅದನ್ನೂ ಒಮ್ಮೆ ತೆರೆದು ನೋಡಿ. ಉಚಿತ ಟ್ರಯಲ್ ಮುಗಿಯುವ ಹಿಂದಿನ ದಿನವೇ ಈ ಕೆಲಸ ಮುಗಿಸಿಕೊಳ್ಳಿ.