ಟ್ರೂಮನ್ ಜೊತೆ ನಾಲ್ಕು ಶನಿವಾರ: ಕೊಡಿಯಾಲಬೈಲಿನ ಇತಿಹಾಸ ತರಗತಿಯೊಂದರ ವಿಮರ್ಶೆ

ಮಂಗಳೂರಿನ ಕೊಡಿಯಾಲಬೈಲಿನಲ್ಲಿರುವ ತರಬೇತಿ ಕೇಂದ್ರವೊಂದು ಪರೀಕ್ಷೆಗೆ ಓದುವವರಲ್ಲದೆ ಆಸಕ್ತರಿಗೂ ತೆರೆದಿಟ್ಟಿರುವ ಶನಿವಾರದ ಇತಿಹಾಸ ತರಗತಿಗೆ ನಾಲ್ಕು ವಾರ ಉಡುಪಿಯಿಂದ ಹೋಗಿಬಂದೆ. ಶುಲ್ಕ 1,500 ರೂಪಾಯಿ. ಮುದ್ರಿತ ಟಿಪ್ಪಣಿಗೆ ಪ್ರತ್ಯೇಕವಾಗಿ 250. ಕಮ್ಯುನಿಸಂ ಹರಡೀತೆಂಬ ಭಯವು ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರ ವಿದೇಶಾಂಗ ನೀತಿಯನ್ನು ಹೇಗೆ ರೂಪಿಸಿತು ಎಂಬುದೇ ನಾಲ್ಕೂ ದಿನಗಳ ವಿಷಯ. ಪಾಠಕ್ಕೆ ಕೊಟ್ಟ ಹಣ ಸಾರ್ಥಕವಾಯಿತು. ಟಿಪ್ಪಣಿಗೆ ಕೊಟ್ಟದ್ದು ವ್ಯರ್ಥ.

ಮೊದಲ ದಿನ 1947ರ ಆರಂಭದ ತಿಂಗಳುಗಳನ್ನು ಬಿಟ್ಟು ಉಪನ್ಯಾಸಕರು ಆಚೀಚೆ ಸರಿಯಲಿಲ್ಲ. ಮಾರ್ಚ್ 31ರ ನಂತರ ಗ್ರೀಸ್ ಮತ್ತು ಟರ್ಕಿಗೆ ನೆರವು ಮುಂದುವರಿಸಲು ತನ್ನಿಂದಾಗದೆಂದು ಬ್ರಿಟನ್ ಫೆಬ್ರುವರಿಯಲ್ಲಿ ತಿಳಿಸಿತು. ಹಣ ಮಂಜೂರು ಮಾಡಬೇಕಿದ್ದ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ನಾಯಕರು ಹಿಂದೆಮುಂದೆ ನೋಡುತ್ತಿದ್ದಾಗ ವಿದೇಶಾಂಗ ಇಲಾಖೆಯ ಹಿರಿಯ ಅಧಿಕಾರಿ ಡೀನ್ ಅಚೆಸನ್ ಕೊಳೆತ ಸೇಬಿನ ಹೋಲಿಕೆ ಕೊಟ್ಟರು: ಪೀಪಾಯಿಯಲ್ಲಿ ಒಂದು ಹಣ್ಣು ಕೊಳೆತರೆ ಉಳಿದವೂ ಕೆಡುವಂತೆ, ಗ್ರೀಸ್ ಕೈತಪ್ಪಿದರೆ ಇರಾನಿನಿಂದ ಫ್ರಾನ್ಸಿನವರೆಗೂ ಸೋಂಕು ತಗಲೀತು. ಮಾರ್ಚ್ 12ರಂದು ಟ್ರೂಮನ್ 40 ಕೋಟಿ ಡಾಲರ್ ಕೇಳಿದರು. ಆದರೆ ಅವರ ಮಾತು ಎರಡು ದೇಶಗಳಿಗೆ ನಿಲ್ಲದೆ, ಒತ್ತಡಕ್ಕೆ ಸಿಲುಕಿದ ಸ್ವತಂತ್ರ ಜನರೆಲ್ಲರಿಗೂ ಬೆಂಬಲ ಎಂಬಷ್ಟು ವಿಸ್ತಾರವಾಯಿತು. ಒಂಬತ್ತೇ ದಿನಗಳಲ್ಲಿ ಸ್ವದೇಶದ ಸರ್ಕಾರಿ ನೌಕರರ ನಿಷ್ಠೆಯನ್ನು ತನಿಖೆ ಮಾಡುವ ಆದೇಶವೂ ಹೊರಟಿತು.

ಇಲ್ಲಿ ಉಪನ್ಯಾಸಕರು ಸೇಬನ್ನು ಬದಿಗಿಟ್ಟು ನಮ್ಮ ಅಡಿಕೆ ತೋಟಕ್ಕೆ ಬಂದರು. ಆಷಾಢದ ಮಳೆಯಲ್ಲಿ ಒಂದು ಗೊನೆಗೆ ಕೊಳೆರೋಗ ತಗಲಿದರೆ ತೋಟವೇ ಹೋದೀತೆಂದು ಮದ್ದು ಬಿಡಿಸುವವನ ಭಯ ಸುಳ್ಳಲ್ಲ. ಆದರೆ ಬುಡದಲ್ಲಿ ಬಿದ್ದ ಕಾಯಿಯೆಲ್ಲ ಕೊಳೆಯಿಂದಲೇ ಬಿದ್ದದ್ದೂ ಅಲ್ಲ. ಗ್ರೀಸಿನ ಅಂತರ್ಯುದ್ಧದಲ್ಲಿ ಕಮ್ಯುನಿಸ್ಟ್ ಬಂಡುಕೋರರಿಗೆ ಆಸರೆಯಾಗಿದ್ದವರು ಮುಖ್ಯವಾಗಿ ಯುಗೋಸ್ಲಾವಿಯದ ಕಮ್ಯುನಿಸ್ಟ್ ನಾಯಕ ಟಿಟೊ. 1944ರಲ್ಲೇ ಚರ್ಚಿಲ್ ಜೊತೆಗಿನ ಮಾತುಕತೆಯಲ್ಲಿ ಗ್ರೀಸನ್ನು ಬ್ರಿಟನ್ನಿನ ಪಾಲಿಗೆ ಬಿಟ್ಟಿದ್ದ ಸ್ಟಾಲಿನ್‌ಗೆ ಆ ಯುದ್ಧದಲ್ಲಿ ಅಷ್ಟು ಉತ್ಸಾಹವಿರಲಿಲ್ಲ. 1948ರಲ್ಲಿ ಸ್ಟಾಲಿನ್‌ಗೂ ಟಿಟೊಗೂ ಮನಸ್ತಾಪವಾಗಿ, ಮರುವರ್ಷ ಟಿಟೊ ಗಡಿ ಮುಚ್ಚಿದಾಗ ಬಂಡಾಯ ಕುಸಿಯಿತು. ಅದೇ ಟಿಟೊಗೆ ಟ್ರೂಮನ್ ಸರ್ಕಾರ ನೆರವನ್ನೂ ನೀಡಿತು. ಅಂದರೆ ಕಮ್ಯುನಿಸ್ಟರ ನಡುವಿನ ಭೇದ ಕಾಣುವ ಕಣ್ಣು ವಾಷಿಂಗ್ಟನ್ನಿಗೆ ಇರಲಿಲ್ಲವೆನ್ನಲಾಗದು. ಏಷ್ಯಾದ ಕಡೆ ತಿರುಗಿದಾಗ ಅದು ಮಂಜಾಯಿತು ಎಂಬುದು ಉಪನ್ಯಾಸಕರ ವಾದ, ಮತ್ತು ನನಗೆ ಅದು ಒಪ್ಪಿಗೆಯಾಯಿತು.

ಎರಡನೆಯ ವಾರದ ಮಾರ್ಷಲ್ ಯೋಜನೆ (ಯುರೋಪಿಗೆ ಅಮೆರಿಕದ ಆರ್ಥಿಕ ನೆರವು) ಮತ್ತು ಸೋವಿಯತ್ ಒಕ್ಕೂಟ ಹಾಕಿದ ಬರ್ಲಿನ್ ದಿಗ್ಬಂಧನ ಅವಸರದಲ್ಲಿ ಮುಗಿದವು. ಪ್ರೊಜೆಕ್ಟರ್ ಅರ್ಧ ಗಂಟೆ ಕೈಕೊಟ್ಟದ್ದೂ ಅದಕ್ಕೆ ಕಾರಣ.

ಕೊರಿಯಾಕ್ಕೆ ಮೀಸಲಾದ ಕೊನೆಯ ಎರಡು ವಾರಗಳೇ ಈ ತರಗತಿಯ ಬೆಲೆ. 1949ರಲ್ಲಿ ಸೋವಿಯತ್ ಅಣುಬಾಂಬ್ ಪರೀಕ್ಷೆಯೂ ಚೀನಾದಲ್ಲಿ ಕಮ್ಯುನಿಸ್ಟ್ ನಾಯಕ ಮಾವೋ ಗೆಲುವೂ ಒಂದರ ಬೆನ್ನಿಗೊಂದು ಬಂದು, ಚೀನಾವನ್ನು ಕಳೆದುಕೊಂಡವರೆಂಬ ಆರೋಪ ಟ್ರೂಮನ್ ತಲೆಗೆ ಬಂದಿತ್ತು. 1950ರ ಜೂನ್ 25ರಂದು ಉತ್ತರ ಕೊರಿಯಾ ದಕ್ಷಿಣದ ಮೇಲೆ ದಾಳಿ ಮಾಡಿತು. ಎರಡೇ ದಿನಗಳ ಬಳಿಕದ ಹೇಳಿಕೆಯಲ್ಲಿ ಅವರು ಕೊರಿಯಾದ ಜೊತೆಗೆ ತೈವಾನ್ ಜಲಸಂಧಿಗೆ ನೌಕಾಪಡೆ, ಫಿಲಿಪೀನ್ಸಿಗೆ ಬಲವರ್ಧನೆ, ಇಂಡೋಚೀನಾದ ಫ್ರೆಂಚರಿಗೆ ಹೆಚ್ಚಿನ ನೆರವನ್ನೂ ಸಾರಿದರು. ಒಂದು ಗೊನೆಗೆ ರೋಗ ಕಂಡು ಊರಿನ ತೋಟಗಳಿಗೆಲ್ಲ ಮದ್ದು ಬಿಡಿಸಿದಂತಾಯಿತು. ಆ ಅಕ್ಟೋಬರಿನಲ್ಲಿ, ಅಮೆರಿಕದ ಪಡೆ ಎರಡು ಕೊರಿಯಾಗಳ ಗಡಿಯಾಗಿದ್ದ 38ನೇ ಅಕ್ಷಾಂಶ ದಾಟಿದರೆ ಚೀನಾ ಸುಮ್ಮನಿರದು ಎಂಬ ಎಚ್ಚರಿಕೆ ಚೀನಾದಲ್ಲಿದ್ದ ಭಾರತದ ರಾಯಭಾರಿ ಕೆ.ಎಂ. ಪಣಿಕ್ಕರ್ ಮೂಲಕ ತಲುಪಿತು. ಅವರು ಕಮ್ಯುನಿಸ್ಟರ ಕಡೆ ವಾಲಿದವರೆಂಬ ಸಂಶಯದಿಂದಾಗಿ ಆ ಎಚ್ಚರಿಕೆಗೆ ತೂಕ ಸಿಗಲಿಲ್ಲ, ಚೀನಾ ಯುದ್ಧಕ್ಕಿಳಿದೇಬಿಟ್ಟಿತು.

ಟಿಪ್ಪಣಿಯಲ್ಲಿ ಈ ಸೂಕ್ಷ್ಮಗಳು ಒಂದೂ ಇಲ್ಲ. ಗ್ರೀಸ್, ನೇಟೊ, ಕೊರಿಯಾ ಮೂರಕ್ಕೂ ‘ಕಾರಣ: ಕಮ್ಯುನಿಸಂ ಭಯ’ ಎಂಬ ಒಂದೇ ಸಾಲು. ಟಿಟೊ ಹೆಸರೇ ಕಾಣದು. ಬರ್ಲಿನ್ ದಿಗ್ಬಂಧನ 1948ರ ಜೂನಿನಲ್ಲಿ ಶುರುವಾದದ್ದನ್ನು 1949 ಎಂದು ಅಚ್ಚು ಹಾಕಿದ್ದಾರೆ. ನನಗೆ ಹೆಚ್ಚು ನೋವಾದದ್ದು ಬೇರೆ: ಕೊರಿಯಾ ಯುದ್ಧ ಶುರುವಾದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷ ಸ್ಥಾನದಲ್ಲಿದ್ದವರು ಇದೇ ಮಂಗಳೂರಿನಲ್ಲಿ ಹುಟ್ಟಿ ಕೆನರಾ ಹೈಸ್ಕೂಲಿನಲ್ಲಿ ಓದಿದ ಬೆನಗಲ್ ನರಸಿಂಗ ರಾವ್. ದಾಳಿಯನ್ನು ಖಂಡಿಸುವ ನಿರ್ಣಯಕ್ಕೆ ಭಾರತ ಮತ ನೀಡಿತು. ಸೇನಾ ನೆರವಿನ ಮತದಾನದಲ್ಲಿ ಭಾಗವಹಿಸದೆ ಬಳಿಕ ಒಪ್ಪಿಗೆ ತಿಳಿಸಿತು. ಕೊನೆಗೆ ಕಳುಹಿಸಿದ್ದು ಕಾದಾಡುವ ಪಡೆಯನ್ನಲ್ಲ, ವೈದ್ಯಕೀಯ ತುಕಡಿಯನ್ನು. ಟಿಪ್ಪಣಿ ರಾವ್ ಅವರನ್ನು ‘ಭಾರತದ ಪ್ರತಿನಿಧಿ’ ಎಂದಷ್ಟೇ ಕರೆದು ಮುಂದೆ ಹೋಗಿದೆ. ಕೇಳಿದಾಗ ಉಪನ್ಯಾಸಕರು ಟಿಪ್ಪಣಿ ತಾವು ಬರೆದದ್ದಲ್ಲವೆಂದು ನಕ್ಕು, ಹತ್ತು ನಿಮಿಷ ರಾವ್ ಅವರ ಬಗ್ಗೆಯೇ ಮಾತನಾಡಿದರು.

ಕೊಠಡಿ ತಂಪಾಗಿದೆ, ಕುರ್ಚಿಗಳು ಗಟ್ಟಿ. ಏಳೂವರೆಗೆ ಬಿಡಬೇಕಾದ ತರಗತಿ ಎಂಟಕ್ಕೆ ಮೊದಲು ಮುಗಿಯದ ಕಾರಣ ಉಡುಪಿಯವರು ಲಾಲ್‌ಬಾಗ್‌ನಲ್ಲಿ ಎಕ್ಸ್‌ಪ್ರೆಸ್ ಬಸ್ಸಿಗೆ ಕಾಯಲು ಸಿದ್ಧರಿರಬೇಕು. ಮುಂದಿನ ತಂಡಕ್ಕೆ ಸೇರುವವರು ಟಿಪ್ಪಣಿಯ 250 ರೂಪಾಯಿ ಉಳಿಸಿ, ಇನ್ನೂರು ಪುಟದ ನೋಟ್ ಪುಸ್ತಕವೊಂದನ್ನು ಒಯ್ಯುವುದು ಲೇಸು.