ಕಾಳು ಕಟ್ಟದ ಮೆಕ್ಕೆಜೋಳ: ಹಸಿಯಾಗಿ ಹಾಕೋದಾ, ಒಣಗಿಸೋದಾ, ರಸಮೇವು ಮಾಡೋದಾ?

2023ರ ಆಗಸ್ಟ್‌ನಲ್ಲಿ ಮಳೆ ಪೂರ್ತಿ ಕೈಕೊಟ್ಟಿತು. 1901ರಿಂದೀಚೆಗೆ ದೇಶದಲ್ಲಿ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ದಾವಣಗೆರೆ ಜಿಲ್ಲೆಯ ನಮ್ಮ ಜಗಳೂರು ಕಡೆ ಮೆಕ್ಕೆಜೋಳ ಸೂಲಂಗಿ (ತುದಿಯ ಹೂಗೊಂಚಲು) ಬಿಡುವ ಹೊತ್ತು ಅದು. ಸೂಲಂಗಿ ಬಂತು, ತೆನೆಯಲ್ಲಿ ಕಾಳು ಕೂರಲಿಲ್ಲ. ಮೇವಾದರೂ ಉಳಿಯಲಿ ಅಂತ ಹೊಲವನ್ನು ಮೂರು ಪಾಲು ಮಾಡಿ ಮೂರು ದಾರಿ ನೋಡಿದೆವು: ಹಸಿಯಾಗಿ ಹಾಕೋದು, ಒಣಗಿಸೋದು, ರಸಮೇವು (ಸೈಲೇಜ್) ಮಾಡೋದು, ಅಂದರೆ ಹಸಿ ಮೇವು ಕತ್ತರಿಸಿ ಗಾಳಿಯಾಡದಂತೆ ಚೀಲದಲ್ಲಿ ತುಂಬಿ ಹುದುಗಿಸೋದು.

ಹಸಿಯಾಗಿ ಕೊಯ್ದು ಹಾಕುವುದು ಸುಲಭ. ಖರ್ಚಿಲ್ಲ, ದನ ಇಷ್ಟಪಟ್ಟು ತಿನ್ನುತ್ತವೆ. ಆದರೆ ನನಗೆ ಭಯ ಇದ್ದದ್ದೂ ಇದಕ್ಕೇ. ನೀರಿಲ್ಲದೆ ಸೊರಗಿದ ಮೆಕ್ಕೆಜೋಳದ ಬುಡದಲ್ಲಿ ನೈಟ್ರೇಟ್ (ಗಿಡ ಮಣ್ಣಿಂದ ಹೀರುವ ಸಾರಜನಕದ ಲವಣ, ಹೆಚ್ಚಾದರೆ ದನಕ್ಕೆ ವಿಷ) ಸೇರಿಕೊಂಡಿರುತ್ತೆ. ಯೂರಿಯಾ ಜಾಸ್ತಿ ಹಾಕಿದ ಹೊಲದಲ್ಲಂತೂ ಇನ್ನೂ ಹೆಚ್ಚು. ಹಸಿದ ದನಕ್ಕೆ ಇದನ್ನೇ ಹೊಟ್ಟೆ ತುಂಬ ಹಾಕಿದರೆ ಏದುಸಿರು ಬಿಡುತ್ತ ಕುಸಿದು ಬೀಳಬಹುದು. ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತೆ. ಹಾಗಾಗಿ ಒಂದಡಿ ಬುಡ ಬಿಟ್ಟು ಕೊಯ್ದೆವು. ಮೊದಲು ಒಣಹುಲ್ಲು ಹಾಕಿ, ಆಮೇಲೆ ಇದನ್ನು ಸ್ವಲ್ಪ ಸ್ವಲ್ಪ ಕೊಟ್ಟೆವು. ನಡುವೆ ಒಂದು ಹದ ಮಳೆ ಬಿದ್ದರೆ ಕೂಡಲೇ ಕುಡುಗೋಲು ಹಿಡಿಯಬೇಡಿ, ಒಂದು ವಾರ ತಡೆಯಿರಿ. ಮಳೆ ಬಿದ್ದ ಮೊದಲ ದಿನಗಳಲ್ಲಿ ನೈಟ್ರೇಟ್ ಇನ್ನೂ ಏರುತ್ತೆ.

ಒಣಗಿಸಿ ಬಣವೆ ಒಟ್ಟುವುದು ಎಲ್ಲರಿಗೂ ಗೊತ್ತಿರುವ ದಾರಿ. ಎಳೆ ಜೋಳದ ಪೈರಿನ ಸೈನೈಡ್ ವಿಷ ಒಣಗಿಸಿದರೆ ಇಳಿಯುತ್ತೆ, ನಿಜ. ಮೆಕ್ಕೆಜೋಳದ ನೈಟ್ರೇಟ್ ಹಾಗಲ್ಲ, ಒಣಗಿದರೂ ಹಾಗೇ ಇರುತ್ತೆ. ಇನ್ನೊಂದು ನಷ್ಟ ಗರಿಯದ್ದು. ಹೊರೆ ಹೊರುವಾಗಲೇ ಪುಡಿಯಾಗಿ ಉದುರಿತು. ಉಳಿದ ದಪ್ಪ ದಂಟನ್ನು ದನಗಳು ಗೋದಲಿಯಲ್ಲೇ ಬಿಟ್ಟವು.

ರಸಮೇವಿಗೆ ಮೈ ಮುರಿಯುವ ಕೆಲಸ, ಯಂತ್ರದ ಬಾಡಿಗೆ, ಚೀಲದ ಖರ್ಚು ಎಲ್ಲ ಇದೆ. ಆದರೂ ನನ್ನ ಮತ ಇದಕ್ಕೇ. ಹುದುಗುವಾಗ ನೈಟ್ರೇಟ್ ಸುಮಾರು ಅರ್ಧದಷ್ಟು ಇಳಿಯುತ್ತೆ, ಬೇರೆ ಎರಡು ದಾರಿಯಲ್ಲಿ ಈ ಲಾಭ ಇಲ್ಲ. ಬೇಕಾದ್ದು ಹದ. ಎರಡು ಮೂರು ಸೆಂಟಿಮೀಟರಿಗೆ ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ ನೋಡಿ. ಅಂಗೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಉಂಡೆ ನಿಧಾನಕ್ಕೆ ಬಿಚ್ಚಿಕೊಂಡರೆ ತೇವ ಸರಿಯಿದೆ ಅಂತ ಅರ್ಥ. ಪದರ ಪದರವಾಗಿ ತುಳಿದು ಗಾಳಿಯೆಲ್ಲ ಹೊರಗೆ ಹಾಕಿ ಬಾಯಿ ಬಿಗಿದೆವು. ಇಲಿ ಒಂದು ತೂತು ಮಾಡಿದರೂ ಸುತ್ತ ಬೂಷ್ಟು ಹಿಡಿಯುತ್ತೆ, ಕಂಡ ಕೂಡಲೇ ಟೇಪ್ ಅಂಟಿಸಬೇಕು.

45 ದಿನ ಕಳೆದ ಮೇಲೆ ಬಿಚ್ಚಿದಾಗ ಮೇವು ಹಳದಿ ಮಿಶ್ರಿತ ಹಸಿರು, ಹುಳಿ ಹುಳಿ ಘಮ. ಎಮ್ಮೆ ಎರಡು ದಿನ ಮೂಸಿ ನೋಡಿತು, ಆಮೇಲೆ ದಂಟು ಕೂಡ ಬಿಡಲಿಲ್ಲ. ತೆನೆ ಇಲ್ಲದ ಮೇವು, ಕಸುವು ಕಡಿಮೆ. ಹಾಲು ಕೊಡುವ ದನಕ್ಕೆ ಹಿಂಡಿ ನಿಲ್ಲಿಸಬೇಡಿ. ನೈಟ್ರೇಟ್ ಪೂರ್ತಿ ಹೋಗಿರಲ್ಲ, ಇದನ್ನೂ ಒಣಹುಲ್ಲಿನ ಜೊತೆ ಬೆರೆಸಿಯೇ ಕೊಡಿ.

ಗರಿಯೆಲ್ಲ ಆಗಲೇ ಸುಟ್ಟುಹೋಗಿದ್ದರೆ ರಸಮೇವಿನ ಆಸೆ ಬಿಡಿ. ಅಷ್ಟು ಒಣಗಿದ್ದು ಎಷ್ಟು ತುಳಿದರೂ ಅಮರಲ್ಲ, ಬೂಷ್ಟು ಬರುತ್ತೆ. ಅಂಥದ್ದನ್ನು ಸುಮ್ನೆ ಒಣಗಿಸಿ, ಸಣ್ಣಗೆ ಕತ್ತರಿಸಿ, ಬೇರೆ ಮೇವಿಗೆ ಬೆರೆಸಿ. ಯಾವ ದಾರಿ ಹಿಡಿದರೂ, ಬೆಳೆ ವಿಮೆ ಕಟ್ಟಿದವರು ಒಂದು ಮಾತು ವಿಚಾರಿಸಿಕೊಳ್ಳಿ: ನಿಮ್ಮ ಹೊಲ ಬೆಳೆ ಕಟಾವು ಪ್ರಯೋಗಕ್ಕೆ (ಇಳುವರಿ ಅಳೆಯಲು ಹೊಲದ ಒಂದು ತುಂಡು ಕೊಯ್ದು ತೂಗುವುದು) ಆಯ್ಕೆಯಾಗಿದ್ದರೆ, ಆ ಪ್ರಯೋಗ ಮುಗಿಯುವ ತನಕ ಕೊಯ್ಯಬೇಡಿ.