ಎಕ್ಸ್‌ರೇ ನಾರ್ಮಲ್ ಅಂದರೂ ಮೀನಖಂಡ ಹಿಂಡಿಸಿ ನೋಡಿ

ಮಳೆ ಹಿಡಿದರೆ ಕೊಡಗಿನಲ್ಲಿ ಕೆಸರುಗದ್ದೆ ಓಟ, ಹಗ್ಗಜಗ್ಗಾಟ ಶುರು. ವರ್ಷಕ್ಕೊಮ್ಮೆ ಮಾತ್ರ ಗದ್ದೆಗಿಳಿಯುವ, ಮೂವತ್ತು ದಾಟಿದ ನನ್ನಂಥವರು ಇದನ್ನು ಓದಿಬಿಡಿ.

ಕಳೆದ ವರ್ಷ ವಿರಾಜಪೇಟೆ ಹತ್ತಿರದ ಗದ್ದೆಯಲ್ಲಿ ಓಡುವಾಗ ಹಿಮ್ಮಡಿಯ ಮೇಲೆ ಯಾರೋ ದೊಣ್ಣೆಯಿಂದ ಬಾರಿಸಿದ ಹಾಗಾಯಿತು. ಟಪ್ ಅಂತ ಸದ್ದೂ ಬಂತು. ಬೈಯೋಣ ಅಂತ ತಿರುಗಿದರೆ ಹಿಂದೆ ಯಾರೂ ಇಲ್ಲ! ನೋವು ಅಷ್ಟೇನೂ ಇರಲಿಲ್ಲ, ಕುಂಟುತ್ತಾ ನಾನೇ ಮೇಲೆ ಬಂದೆ.

ಹತ್ತಿರದ ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ತೆಗೆದರು. ಪಾದ ಆಡಿಸಿ ಅಂದರು, ಆಡಿಸಿದೆ. 'ಮೂಳೆ ಸರಿ ಇದೆ, ಉಳುಕು ಅಷ್ಟೇ' ಅಂತ ಕ್ರೇಪ್ ಬ್ಯಾಂಡೇಜ್ ಸುತ್ತಿ ಕಳಿಸಿದರು. ಎಡವಟ್ಟಾಗಿದ್ದು ಅಲ್ಲೇ. ನನಗೆ ಹರಿದಿದ್ದು ಅಕಿಲಿಸ್ ಟೆಂಡನ್, ಅಂದರೆ ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಕಟ್ಟುವ ದಪ್ಪ ಹುರಿ. ಅದು ಪೂರ್ತಿ ಹರಿದಿದ್ದರೂ ಕಾಲ್ಬೆರಳು ಮಡಚುವ ಸ್ನಾಯುಗಳು ಪಾದವನ್ನು ಸ್ವಲ್ಪ ಬಗ್ಗಿಸುತ್ತವೆ. ಎಕ್ಸ್‌ರೇ ತೋರಿಸುವುದು ಮೂಳೆಯನ್ನು, ಟೆಂಡನ್ನನ್ನಲ್ಲ.

ಊತ ಇಳಿಯಿತು. ಆದರೆ ತೋಟದ ಏರು ಹತ್ತಲು ಆಗುತ್ತಿರಲಿಲ್ಲ. ಆ ಒಂದೇ ಕಾಲಿನ ಬೆರಳ ಮೇಲೆ ನಿಲ್ಲಲೂ ಆಗದು.

ತಿಂಗಳು ದಾಟಿದ ಮೇಲೆ ಮೈಸೂರಿನ ಮೂಳೆ ಡಾಕ್ಟರೊಬ್ಬರು ಬೋರಲು ಮಲಗಿಸಿ, ಪಾದಗಳನ್ನು ಮಂಚದಾಚೆ ಇಳಿಬಿಟ್ಟು, ಮೀನಖಂಡ ಹಿಂಡಿದರು. ಸರಿ ಇರುವ ಪಾದ ತಟಕ್ಕನೆ ಬಾಗಿತು. ಇನ್ನೊಂದು ಅಲ್ಲಾಡಲೇ ಇಲ್ಲ. ಹಿಮ್ಮಡಿಗಿಂತ ಸ್ವಲ್ಪ ಮೇಲೆ ಬೆರಳಿಟ್ಟರೆ ಗುಳಿ. ಹೀಗೆ ಹಿಂಡಿ ನೋಡುವುದಕ್ಕೆ ಥಾಮ್ಸನ್ ಟೆಸ್ಟ್ ಅಂತಾರೆ. ಯಂತ್ರ ಬೇಡ, ಖರ್ಚಿಲ್ಲ, ಒಂದು ನಿಮಿಷವೂ ಹಿಡಿಯಲ್ಲ. ಇತ್ತೀಚೆಗೆ ಸಿಪ್ರೊಫ್ಲಾಕ್ಸಾಸಿನ್ ನುಂಗಿದ್ರಾ ಅಂತಲೂ ಕೇಳಿದರು. ಆ ಜಾತಿಯ ಆಂಟಿಬಯೋಟಿಕ್ಕಿನಿಂದ ಟೆಂಡನ್ ಹರಿಯುವ ಅಪಾಯ ಜಾಸ್ತಿಯಂತೆ.

ಆಗಲೇ ಪತ್ತೆಯಾಗಿದ್ದರೆ ಪಾದವನ್ನು ಕೆಳಮುಖವಾಗಿಟ್ಟು ಪ್ಲಾಸ್ಟರ್, ಆಮೇಲೆ ಪಾದ ಅಲುಗಾಡದಂತೆ ಹಿಡಿಯುವ ಬೂಟು ಹಾಕಿ ಆಪರೇಷನ್ ಇಲ್ಲದೆಯೂ ಕೂಡಿಸಬಹುದಿತ್ತು. ಆಪರೇಷನ್ ಆದರೂ ಎರಡು ತುದಿ ಸೇರಿಸಿ ಹೊಲಿಯುವಷ್ಟೇ ಕೆಲಸ. ತಡವಾದರೆ ಸ್ನಾಯು ಮೇಲಕ್ಕೆ ಎಳೆದುಕೊಂಡು ತುದಿಗಳು ದೂರವಾಗುತ್ತವೆ. ನನಗೆ ಕಾಲಿನ ಹೆಬ್ಬೆರಳು ಮಡಚುವ ಟೆಂಡನ್ನನ್ನೇ ತಂದು ಹಿಮ್ಮಡಿ ಮೂಳೆಗೆ ಸ್ಕ್ರೂ ಹಾಕಿ ಕೂರಿಸಿದರು. ಅಲ್ಲಿ ಚರ್ಮ ತೆಳು ನೋಡಿ, ಗಾಯ ಒಣಗಲು ಸತಾಯಿಸಿತು. ಆ ಸಲದ ಕಾಫಿ ಕೊಯ್ಲಿಗೆ ನಾನು ಲೆಕ್ಕಕ್ಕಿಲ್ಲ.

ಯಾರಿಗಾದರೂ ಹೀಗಾದರೆ ನಡೆಸಬೇಡಿ, ಎಣ್ಣೆ ಹಾಕಿ ನೀವಿಸಲೂ ಬೇಡಿ. ನೇರ ಮೂಳೆ ಡಾಕ್ಟರ ಹತ್ತಿರ ಹೋಗಿ, 'ಮೀನಖಂಡ ಹಿಂಡಿ ನೋಡ್ತೀರಾ?' ಅಂತ ಬಾಯಿಬಿಟ್ಟು ಕೇಳಿ. ಅನುಮಾನ ಉಳಿದರೆ ಅಲ್ಟ್ರಾಸೌಂಡ್ ಮಾಡಿಸಿ. ಹಾಗೆ ಕೇಳಿದರೆ ಕೆಲವರಿಗೆ ಸಿಟ್ಟು ಬರಬಹುದು, ಬರಲಿ ಬಿಡಿ.